ಕೇಳದೆ ಹಾಕಿದ ಗುರುತು

ಮೈಸೂರಿನ ಯಾದವಗಿರಿಯ ಒಂದು ಹಳೆಯ ಬಂಗಲೆಯ ಮಹಡಿಯಲ್ಲಿ ನಾನು ಒಂದೂವರೆ ವರ್ಷ ಕೆಲಸ ಮಾಡಿದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೇಳಿ ಅರ್ಥ ಮಾಡಿಸುವುದೇ ಕಷ್ಟವಾಗುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಜನ ಮಾತಾಡಿದ್ದನ್ನು ಕೇಳಬೇಕು. ಒಂದೊಂದು ಪದದಲ್ಲೂ ಹೇಳಿದವರ ದನಿ ಯಾವ ಅಕ್ಷರದ ಮೇಲೆ ಹೆಚ್ಚು ಬಿದ್ದಿದೆಯೋ ಅದರ ಮೇಲೆ ಗುರುತು ಹಾಕಬೇಕು. ಒತ್ತು ಗುರುತಿಸುವ ಕೆಲಸ ಎಂದರೆ ಅಶೋಕಪುರಂನ ನಮ್ಮ ಬೀದಿಯವರು ಒತ್ತಕ್ಷರ ತಿದ್ದುವ ಕೆಲಸ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಇಂಗ್ಲಿಷಿನವರು ಹೋಟೆಲ್ ಎನ್ನುವಾಗ ದನಿ ‘ಟೆಲ್’ ಮೇಲೆ ಬೀಳುತ್ತದೆ. ನಮ್ಮ ಬಾಯಲ್ಲಿ ಅದೇ ಪದ ‘ಹೋ’ ಮೇಲೆ ನಿಲ್ಲುತ್ತದೆ. ಪೋಲೆಂಡಿನ ಭಾಷೆಯಲ್ಲಿ ಬಹುಪಾಲು ಪದಗಳ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಫಿನ್‌ಲೆಂಡಿನವರಿಗೆ ಯಾವಾಗಲೂ ಮೊದಲನೆಯದಕ್ಕೆ. ಹೀಗೆ ಬೇರೆ ಬೇರೆ ಭಾಷೆಗಳ ಗುರುತು ಹಾಕಿದ ಪದಗಳನ್ನು ಕಂಪ್ಯೂಟರಿಗೆ ಕೊಟ್ಟರೆ, ಆಯಾ ಭಾಷೆಯ ನಿಯಮ ಏನೆಂದು ಅದು ತಾನಾಗಿಯೇ ಕಲಿಯಬಲ್ಲದೇ ಎಂದು ನೋಡುವುದು ಆ ಯೋಜನೆ. ಹೊರದೇಶದ ಭಾಷೆಗಳ ಪದಗಳು ಹೊರದೇಶದಿಂದಲೇ ಸಿದ್ಧವಾಗಿ ಬರುತ್ತಿದ್ದವು. ಕನ್ನಡದ್ದನ್ನು ನಾವು ಇಲ್ಲಿ ತಯಾರು ಮಾಡಬೇಕಿತ್ತು. ಕನ್ನಡದಲ್ಲಿ ಒತ್ತು ಇದೆಯೇ, ಇದ್ದರೆ ಎಲ್ಲಿ ಎನ್ನುವುದರ ಬಗ್ಗೆ ತಿಳಿದವರಲ್ಲೇ ಜಗಳವಿದೆ. ಇಂಗ್ಲಿಷಿನ ಹಾಗೆ ಎದ್ದು ಕಾಣುವುದಿಲ್ಲ, ತೀರಾ ಸಣ್ಣದು. ಅದಕ್ಕೇ ಕೇಳುವವರು ಇಬ್ಬರು ಬೇಕು, ಒಬ್ಬರ ಗುರುತನ್ನು ಇನ್ನೊಬ್ಬರು ನೋಡಬಾರದು, ಇಬ್ಬರದೂ ಬೇರೆಯಾದ ಕಡೆ ಮೂರನೆಯವರು ತೀರ್ಮಾನಿಸಬೇಕು ಎಂದು ನಿಯಮ.

ಆ ಮೂರನೆಯವರು ಯೋಜನೆಯ ಮುಖ್ಯಸ್ಥರು. ನಾವು ಸರ್ ಎನ್ನುತ್ತಿದ್ದೆವು. ಐವತ್ತು ದಾಟಿದ, ಕಂಪ್ಯೂಟರು ಓದಿ ಆಮೇಲೆ ಭಾಷೆಯ ಕಡೆಗೆ ಬಂದ ಮನುಷ್ಯ. ಸಿಟ್ಟು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಬೇಡ ಅನ್ನಿಸಿದ ಮಾತನ್ನು ಕೇಳಿಸಿಕೊಂಡು, ನಕ್ಕು, ಹಾಗೇ ಬಿಟ್ಟುಬಿಡುತ್ತಿದ್ದರು. ನನಗೆ ಅದಕ್ಕಿಂತ ಸಿಟ್ಟೇ ವಾಸಿ ಅನ್ನಿಸುತ್ತಿತ್ತು.

ನಾನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ಎರಡು ಕಾಲೇಜಿನಲ್ಲಿ ಅತಿಥಿಯಾಗಿ ಪಾಠ ಮಾಡಿ, ಎರಡೂ ಕೆಲಸ ಕಳೆದುಕೊಂಡಿದ್ದವಳು. ಕಿವಿ ಮಾತ್ರ ಚೆನ್ನಾಗಿದೆ ಎಂಬ ಧೈರ್ಯವಿತ್ತು. ಮನೆಯಲ್ಲಿ ನಾವು ಎಲ್ಲ ‘ಹ’ಗಳನ್ನೂ ನುಂಗುವವರು. ಹಂಗೆ ಎನ್ನುವುದು ಅಂಗೆ, ಹೋಗು ಎನ್ನುವುದು ಓಗು. ಹೈಸ್ಕೂಲಿನಲ್ಲಿ ಒಬ್ಬರು ಮೇಷ್ಟ್ರು ನನ್ನನ್ನು ನಿಲ್ಲಿಸಿ ‘ಹಣ್ಣು’ ಎಂದು ನಲವತ್ತು ಸಲ ಹೇಳಿಸಿದ ಮೇಲೆ ಮನೆಗೊಂದು ಕನ್ನಡ, ಹೊರಗೊಂದು ಕನ್ನಡ ಇಟ್ಟುಕೊಂಡೆ. ಯಾರ ಬಾಯಲ್ಲಿ ಯಾವ ಸದ್ದು ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂದು ಗಮನಿಸುವುದು ಆಗ ಹತ್ತಿದ ಚಟ. ಅಪಹಾಸ್ಯ ತಪ್ಪಿಸಿಕೊಳ್ಳಲು ಕಲಿತದ್ದು, ಆಮೇಲೆ ಅದರಿಂದಲೇ ಕೆಲಸ ಸಿಕ್ಕಿತು.

ಎರಡನೆಯ ಕೇಳುಗರಾಗಿ ಬಂದವರು ಲಕ್ಷ್ಮೀಪುರಂನ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರಂತೆ. ಅದು ನನಗೆ ಮೊದಲ ದಿನವೇ, ಕೇಳದೆಯೇ ಗೊತ್ತಾಯಿತು. ಅದೇ ಮಾತಿನ ಮಧ್ಯೆ ಅವರು ನಾನು ಯಾವ ಕಡೆಯವಳು ಎಂದು ಕೇಳಿದರು. ಅಶೋಕಪುರಂ ಎಂದೆ. “ಓ” ಎಂದರು. ಅಶೋಕಪುರಂ ದಲಿತರ ಕೇರಿ; ಮೈಸೂರಿನಲ್ಲಿ ಹುಟ್ಟಿದ ಯಾರಿಗೂ ಆ ‘ಓ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ಇದ್ದದ್ದು ಎರಡು ಹೆಡ್‌ಫೋನ್. ಒಂದನ್ನು ಹಾಕಿಕೊಂಡು ನಾನು ಪರೀಕ್ಷೆಯ ಪದಗಳನ್ನು ಕೇಳಿ ಮುಗಿಸಿ, ತೆಗೆದು ಮೇಜಿನ ಮೇಲಿಟ್ಟೆ. ಮೇಡಂ ಕೂತ ಕುರ್ಚಿಯ ಮುಂದೆ ಇದ್ದದ್ದು ಅದೇ. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಸರ್ ತಮ್ಮ ಕಿವಿಯಲ್ಲಿದ್ದದ್ದನ್ನು ತೆಗೆದುಕೊಟ್ಟಾಗ ತೆಗೆದುಕೊಂಡು ಹಾಕಿಕೊಂಡರು. ಮಾರನೆಯ ದಿನ ಮನೆಯಿಂದ ತಮ್ಮದೇ ಹೆಡ್‌ಫೋನನ್ನು ಬಟ್ಟೆಯ ಚೀಲದಲ್ಲಿ ತಂದರು. ಒಬ್ಬರ ಕಿವಿಯದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು, ಡಾಕ್ಟರು ಹೇಳಿದ್ದಾರೆ ಎಂದರು. ಸರ್ ಕಿವಿ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಕೇಳಲಿಲ್ಲ. ಕೆಲಸಕ್ಕೆ ಸೇರಿ ಎರಡನೆಯ ದಿನ.

ನಮ್ಮಿಬ್ಬರಿಗೂ ಬೇರೆ ಬೇರೆ ಕೋಣೆ. ಪರದೆಯ ಮೇಲೆ ಪದ ಅಕ್ಷರದಲ್ಲಿ ಬರುತ್ತಿತ್ತು, ಕೆಳಗೆ ಅದರ ದನಿಯ ಅಲೆ. ಗುಂಡಿ ಒತ್ತಿದರೆ ಕೇಳುತ್ತದೆ. ಮಾತಾಡಿದವರು ಊರಿನವರೇ: ಆಟೋದವರು, ತರಕಾರಿಯವರು, ಬೆಟ್ಟದ ಮೇಲೆ ಹಣ್ಣುಕಾಯಿ ಮಾರುವವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಒಬ್ಬ ತರಕಾರಿ ಹೆಂಗಸು ಯಾರಿಗೋ “ಪರವಾಗಿಲ್ಲ, ತಗಳಿ” ಎನ್ನುತ್ತಾಳೆ. ಆಕೆಯ ದನಿ ‘ಪ’ ಮೇಲೆ ಎಷ್ಟು ಜೋರಾಗಿ ಬಿದ್ದಿತ್ತೆಂದರೆ ಮುಂದಿನ ‘ರ’ ಅರ್ಧ ಕರಗಿಹೋಗಿತ್ತು. ನಾನು ‘ಪ’ ಗುರುತಿಸಿದೆ. ಮೇಡಂ ‘ವಾ’ ಗುರುತಿಸಿದ್ದರು. ಸರ್ ‘ವಾ’ ಎಂದು ತೀರ್ಮಾನಿಸಿದರು. ಬದನೆಕಾಯಿಯಲ್ಲಿ ನಾನು ‘ಬ’, ಅವರು ‘ಕಾ’, ತೀರ್ಮಾನ ‘ಕಾ’. ಸರಕಾರ, ಹುಡುಗಾಟ, ಅನುಮಾನ, ಎಲ್ಲದರಲ್ಲೂ ಹೀಗೇ. ವಾರದ ಕೊನೆಗೆ ಬರುವ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಕೆಂಪು, ಅವರ ಕೆಳಗೆ ಹಸಿರು.

ತಿಂಗಳು ಎರಡಾದ ಮೇಲೆ ಸರ್ ಹತ್ತಿರ ಹೋಗಿ, ಆ ಪದಗಳನ್ನು ನೀವು ಕೇಳಿಯೇ ತೀರ್ಮಾನಿಸುತ್ತೀರಾ ಎಂದು ಕೇಳಿದೆ. ಅವರು ನಕ್ಕರು. ಮೇಡಂ ಮೂವತ್ತೈದು ವರ್ಷ ಪಾಠ ಮಾಡಿದವರು, ಅಷ್ಟು ಅನುಭವಕ್ಕೆ ಬೆಲೆ ಕೊಡಬೇಕಲ್ಲ ಎಂದರು. ಅಂದರೆ ಕೇಳುತ್ತಿರಲಿಲ್ಲ.

ಮೇಡಂ ನನ್ನೊಡನೆ ಯಾವತ್ತೂ ಏಕವಚನದಲ್ಲಿ ಮಾತಾಡಲಿಲ್ಲ. ಅದು ಅವರ ಮರ್ಯಾದೆಯಲ್ಲ, ನಡುವೆ ಎಳೆದ ಗೆರೆ. ಊಟದ ಹೊತ್ತಿನಲ್ಲಿ ವರಾಂಡದಲ್ಲಿ ಎದುರಾದಾಗ, “ನಿಮ್ಮ ಕಡೆ ಹಾಗೆ ಒತ್ತಿ ಹೇಳ್ತಾರೇನೋ, ನಮಗೆ ಗೊತ್ತಿಲ್ಲಪ್ಪ” ಎನ್ನುತ್ತಿದ್ದರು. ತರಕಾರಿ ಮಾರಿದವಳು ನಮ್ಮ ಕಡೆಯವಳಲ್ಲ, ಒಂಟಿಕೊಪ್ಪಲಿನವಳು ಎಂದು ನಾನು. ಅವರು ಡಬ್ಬಿಯ ಮುಚ್ಚಳ ತೆಗೆದು ಆ ಕಡೆ ತಿರುಗಿ ಕೂರುತ್ತಿದ್ದರು. ನಾನೂ ಮೆದುವಾಗಿ ಇರಲಿಲ್ಲ. ಅವರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದರೆ ಸಾಕು, ಎದ್ದು ನನ್ನ ಕೋಣೆಯ ಬಾಗಿಲು ಹಾಕುತ್ತಿದ್ದೆ. ಅವರಿಗೆ ಅದು ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ.

ಒಂದು ದಿನ ಅವರ ಕೋಣೆಯಲ್ಲಿದ್ದ ಪ್ರಿಂಟರಿನಿಂದ ನನ್ನ ಹಾಳೆ ತರಲು ಹೋಗಬೇಕಾಯಿತು. ಅವರು ಕೆಳಗೆ ಫೋನಿನಲ್ಲಿದ್ದರು. ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದಿತ್ತು. ಅದರ ತುಂಬ ಅಂದಂದಿನ ಪದಗಳು, ಚೆಂದದ ಕೈಬರಹದಲ್ಲಿ. ಒಂದೊಂದು ಅಕ್ಷರದ ಮೇಲೂ ಲಘುವಿಗೆ ಅರ್ಧಚಂದ್ರ, ಗುರುವಿಗೆ ಅಡ್ಡಗೆರೆ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುತ್ತೇವಲ್ಲ, ಹಾಗೆಯೇ. ಪದದಲ್ಲಿ ಗುರು ಇದ್ದರೆ ಮೊದಲು ಸಿಕ್ಕಿದ ಗುರುವಿನ ಸುತ್ತ ಸೊನ್ನೆ; ಎಲ್ಲವೂ ಲಘುವಾದರೆ ಮೊದಲ ಅಕ್ಷರದ ಸುತ್ತ. ಪಟ್ಟಿಯಲ್ಲಿ ಬಂದು ಇನ್ನೂ ಕಂಪ್ಯೂಟರಿನಲ್ಲಿ ತೆರೆಯದ ನಾಳೆಯ ಪದಗಳಿಗೂ ಸೊನ್ನೆ ಸುತ್ತಿಯಾಗಿತ್ತು. ಪರವಾಗಿಲ್ಲಕ್ಕೆ ‘ವಾ’ ಎಲ್ಲಿಂದ ಬಂತು, ಬದನೆಕಾಯಿಗೆ ‘ಕಾ’ ಎಲ್ಲಿಂದ ಬಂತು ಎನ್ನುವುದು ಆಗ ಗೊತ್ತಾಯಿತು. ತರಕಾರಿಯವಳ ದನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನಾನು ನೇರ ಸರ್ ಕೋಣೆಗೆ ಹೋದೆ. ಮೇಡಂ ಕೇಳದೆಯೇ ಗುರುತು ಹಾಕುತ್ತಿದ್ದಾರೆ, ಛಂದಸ್ಸಿನ ನಿಯಮ ಹಾಕುತ್ತಿದ್ದಾರೆ, ಕಂಪ್ಯೂಟರು ಕನ್ನಡವನ್ನಲ್ಲ ಅವರ ನಿಯಮವನ್ನು ಕಲಿಯುತ್ತಿದೆ ಎಂದೆ. ಅವರು ನಿಧಾನವಾಗಿ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೇಡಂ ಗುರುತು ಕೊಟ್ಟು ಕಲಿಸಿದಾಗ ಅದು ಹೊಸ ಪದಗಳನ್ನು ಹೆಚ್ಚುಕಡಿಮೆ ಎಲ್ಲ ಸರಿಯಾಗಿ ಊಹಿಸುತ್ತಿತ್ತು. ನನ್ನ ಗುರುತು ಕೊಟ್ಟಾಗ ಎಡವುತ್ತಿತ್ತು.

“ನೋಡೀಮ್ಮ” ಎಂದರು. “ಅವರದ್ದನ್ನ ಅದು ಬೇಗ ಕಲೀತಿದೆ. ನಿಮ್ಮದು ಕಲಿಯಕ್ಕಾಗ್ತಿಲ್ಲ. ಮೆಷಿನ್‌ಗೆ ಯಾರ ಮೇಲೂ ದ್ವೇಷ ಇಲ್ವಲ್ಲ.”

ನಿಯಮ ಹಾಕಿ ಮಾಡಿದ್ದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ ಎಂದು ನಾನು ಆಗಲೇ ಹೇಳಬೇಕಿತ್ತು. ಜನ ಪದಗಳನ್ನು ಹೇಳುವುದೇ ಒಂದೊಂದು ಸಲ ಒಂದೊಂದು ರೀತಿ, ಅದಕ್ಕೇ ನನ್ನದು ಕಷ್ಟ ಎಂದು ಹೇಳಬೇಕಿತ್ತು. ದ್ವೇಷ ಎಂಬ ಮಾತೇ ಕಿವಿಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೇಳಬೇಕಾಗಿದ್ದದ್ದೆಲ್ಲ ಹೊಳೆಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಅರವತ್ತು ದಾಟಿದ ಹೆಂಗಸರ ದನಿ ಸಾಲದಾಗಿದೆ, ಯಾರಾದರೂ ಇದ್ದರೆ ಕರೆತನ್ನಿ ಎಂದು ಸರ್ ಹೇಳಿದರು. ನಾನು ನನ್ನ ಅವ್ವನನ್ನು ಕರೆದುಕೊಂಡು ಹೋದೆ. ಅವ್ವ ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅಪ್ಪ ಇರುವವರೆಗೂ, ಆಮೇಲೂ ಕೆಲವು ವರ್ಷ, ಇದೇ ಯಾದವಗಿರಿಯ ಮನೆಗಳಲ್ಲಿ ಕಸಮುಸುರೆ ಮಾಡಿದ್ದಾಳೆ. ಮುಂದಿನ ಗೇಟಿನಿಂದ ಒಳಗೆ ಬರುವಾಗ ಸ್ವಲ್ಪ ತಡೆದಳು. ಬಾ ಎಂದು ಕೈ ಹಿಡಿದೆ.

ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿದ್ದರು. ಅದನ್ನು ನೋಡಿ ಅವ್ವನಿಗೆ ನಗು. “ಗ್ವಾಡೆಗೂ ಚಳಿಯಾ ಮಗ?” ಎಂದಳು. ಏನಾದರೂ ಮಾತಾಡು ಎಂದಾಗ ಮದುವೆಯಾದ ಹೊಸದರಲ್ಲಿ ದಸರಾ ನೋಡಲು ಹೋಗಿ ಜನರ ಮಧ್ಯೆ ತಪ್ಪಿಸಿಕೊಂಡದ್ದನ್ನು ಹೇಳಿದಳು. ಅಪ್ಪನ ಹೆಸರು ಹೇಳಬಾರದೆಂದು, ಪೊಲೀಸಿನವರು ಗಂಡನ ಹೆಸರೇನು ಎಂದು ಎಷ್ಟು ಕೇಳಿದರೂ ಬಾಯಿ ಬಿಡದೆ ನಿಂತದ್ದು, ಕೊನೆಗೆ ಅದೇ ಹೆಸರಿನ ದೇವರ ಪಟ ಅಂಗಡಿಯೊಂದರಲ್ಲಿ ಕಂಡು ಬೆರಳು ತೋರಿಸಿದ್ದು. ನಾನು ಸಣ್ಣವಳಿದ್ದಾಗಿನಿಂದ ಕೇಳಿದ ಕಥೆ. ಆದರೆ ಹೆಡ್‌ಫೋನಿನಲ್ಲಿ ಕೇಳುವಾಗ ಬೇರೆಯೇ ಅನ್ನಿಸಿತು. “ಓಗ್ಬುಟ್ರು, ನನ್ನ ಬುಟ್ಟು ಓಗೇಬುಟ್ರು” ಎನ್ನುತ್ತಾಳೆ. ಮೊದಲನೆಯದರಲ್ಲಿ ದನಿ ‘ಓ’ ಮೇಲೆ, ಎರಡನೆಯದರಲ್ಲಿ ‘ಗೇ’ ಮೇಲೆ. ಒಂದೇ ಪದ, ಅಳು ಬಂದ ಕೂಡಲೇ ಒತ್ತು ಮುಂದಕ್ಕೆ ಸರಿದುಬಿಡುತ್ತದೆ. ಒಂದೂವರೆ ವರ್ಷದಲ್ಲಿ ಆ ಕೆಲಸ ನನ್ನದು ಅನ್ನಿಸಿದ್ದು ಆ ಮಧ್ಯಾಹ್ನ.

ವಾರದ ಪಟ್ಟಿ ಬಂದಾಗ ಅವ್ವನ ಪದಗಳ ಮುಂದೆಲ್ಲ ‘ಕೈಬಿಡಿ’ ಎಂದಿತ್ತು. ಮೇಡಂ ಗುರುತು. ಕಾರಣದ ಜಾಗದಲ್ಲಿ ‘ಉಚ್ಚಾರ ಅಶುದ್ಧ, ಪದ ಗುರುತಿಸಲಾಗದು’ ಎಂದು ಬರೆದಿದ್ದರು. ಸರ್ ಒಪ್ಪಿಗೆ ಹಾಕಿದ್ದರು. ನಾನು ಮೇಡಂ ಕೋಣೆಗೆ ಹೋಗಿ, ಓಗ್ಬುಟ್ರು ಎಂದರೆ ಹೋಗಿಬಿಟ್ಟರು ಎಂದು ಗುರುತಿಸಲಾಗಲಿಲ್ಲವೇ ಎಂದೆ. ಅದು ನನ್ನ ತಾಯಿ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ನಾನು ಆಗ ಬಹಳ ಯೋಚಿಸಿದೆ. ಗೊತ್ತಿತ್ತು ಎಂದೇ ನನ್ನ ಲೆಕ್ಕವಾಗಿತ್ತು.

“ನನಗೆ ಅರ್ಥ ಆಗುತ್ತೆ ಕಣ್ರೀ” ಎಂದರು. “ಮೆಷಿನ್‌ಗೆ ಕಲಿಸೋದು ಕನ್ನಡ ಅಲ್ವೇ? ಅದಕ್ಕೆ ತಪ್ಪನ್ನ ಕಲಿಸಿ ಆಮೇಲೆ ತಿದ್ದೋರು ಯಾರು?”

ಆಮೇಲೆ ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಾರನೆಯ ದಿನದಿಂದ ಹತ್ತು ದಿನ ನಾನು ಒಂದು ಪದವನ್ನೂ ಕೇಳಲಿಲ್ಲ. ಅವರ ನಿಯಮ ನನಗೆ ಗೊತ್ತಿತ್ತು. ಪದ ಪರದೆಯ ಮೇಲೆ ಬಂದ ಕೂಡಲೇ ಅವರು ಎಲ್ಲಿ ಗುರುತು ಹಾಕುತ್ತಾರೆ ಎಂದು ನೋಡಿ, ಅಲ್ಲಿ ಬಿಟ್ಟು ಬೇರೆ ಯಾವ ಅಕ್ಷರಕ್ಕಾದರೂ ಹಾಕಿದೆ. ಅವರು ‘ಕಾ’ ಎಂದರೆ ನಾನು ‘ಯಿ’. ಅವರು ಮೊದಲನೆಯದು ಎಂದರೆ ನಾನು ಕೊನೆಯದು. ಅವರ ಹಸಿರು ಪಟ್ಟಿಯನ್ನು ಹಾಳು ಮಾಡಬೇಕು, ಸರ್ ತಲೆಕೆಟ್ಟು ಕೂತು ಒಂದೊಂದನ್ನೂ ಕೇಳುವ ಹಾಗೆ ಮಾಡಬೇಕು ಎನ್ನುವುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಹೆಡ್‌ಫೋನು ಕತ್ತಿನಲ್ಲಿ ಹಾಕಿಕೊಂಡು, ಅದರೊಳಗೆ ಯಾರೋ ಸಣ್ಣದಾಗಿ ಮಾತಾಡುತ್ತಿರುವುದು ಎದೆಯ ಹತ್ತಿರ ಕೇಳಿಸುತ್ತಿರುವಾಗಲೇ, ನಾನು ಬೆರಳಾಡಿಸುತ್ತಿದ್ದೆ. ಆ ಹತ್ತು ದಿನ ಖುಷಿಯಾಗಿದ್ದೆ ಎನ್ನುವುದನ್ನೂ ಹೇಳಬೇಕು. ಹನ್ನೊಂದನೆಯ ದಿನ ಬೇಜಾರಾಯಿತು. ಬೆಟ್ಟದ ಮೇಲೆ ಹೂ ಮಾರುವ ಮುದುಕಿಯೊಬ್ಬಳ ದನಿ ಅಕಸ್ಮಾತ್ತಾಗಿ ಕಿವಿಗೆ ಬಿತ್ತು, ಚೆನ್ನಾಗಿತ್ತು, ಮತ್ತೆ ಕೇಳಲು ಶುರುಮಾಡಿದೆ. ಹಿಂದಿನದನ್ನು ತಿದ್ದಲು ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಹೊರದೇಶದ ಜೊತೆಗಾರರು ಒಂದು ಪರೀಕ್ಷೆ ಕೇಳಿದರಂತೆ. ಹಿಂದೆ ಗುರುತು ಹಾಕಿದ ಪದಗಳನ್ನೇ ಕೇಳುಗರಿಗೆ ತಿಳಿಸದೆ ಇನ್ನೊಮ್ಮೆ ಕೊಡಬೇಕು, ಅದೇ ಕಿವಿ ಎರಡನೆಯ ಸಲವೂ ಅದೇ ಗುರುತು ಹಾಕುತ್ತದೆಯೇ ನೋಡಬೇಕು. ಸರ್ ಹೊಸ ಪದಗಳ ಮಧ್ಯೆ ಹಳೆಯವನ್ನು ಸೇರಿಸಿ ಕೊಟ್ಟರು. ಗುರುತು ಹೆಚ್ಚು ಬೇರೆಯಾದ ದಿನಗಳಿಂದ ಅವರು ಆರಿಸಿದ ಹಳೆಯ ಪದಗಳಲ್ಲಿ ಬಹುಪಾಲು ನನ್ನ ಆ ಹತ್ತು ದಿನದವೇ ಆಗಿದ್ದವು.

ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದು ಎರಡು ಹಾಳೆಗಳನ್ನು ಮುಂದಿಟ್ಟರು. ಮೇಡಂ ಎರಡು ಸಲವೂ ಒಂದೇ ಕಡೆ ಗುರುತು ಹಾಕಿದ್ದರು, ಹೆಚ್ಚುಕಡಿಮೆ ಒಂದೂ ತಪ್ಪದೆ. ನನ್ನದು ಒಂದಕ್ಕೊಂದು ತಾಳೆಯೇ ಇರಲಿಲ್ಲ. ಕಣ್ಣು ಮುಚ್ಚಿ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು ಎಂದು ಸರ್ ನಗುತ್ತಲೇ ಹೇಳಿದರು. ಮೇಡಂ ಹಾಳೆಯನ್ನು ಕನ್ನಡಕ ಸರಿಮಾಡಿಕೊಂಡು ಓದಿ, ಮಡಿಸಿ, ವಾಪಸ್ಸು ಇಟ್ಟರು.

ಸುಮ್ಮನಿದ್ದರೆ ನನ್ನ ಕಿವಿ ಸರಿಯಿಲ್ಲ ಎಂದಾಗುತ್ತಿತ್ತು. ಮಾತಾಡಿದರೆ ನಾನು ಸರಿಯಿಲ್ಲ ಎಂದಾಗುತ್ತಿತ್ತು.

“ಮೊದಲನೇ ಸಲ ನಾನು ಕೇಳದೆ ಹಾಕಿದೀನಿ ಸರ್” ಎಂದೆ. “ಹತ್ತು ದಿನ. ಮೇಡಂ ಏನು ಹಾಕ್ತಾರೋ ಅದಕ್ಕೆ ಉಲ್ಟಾ ಹಾಕಿದೆ.”

ಸರ್ ನಗು ನಿಂತಿತು. ಯಾಕೆ ಎಂದು ಕೇಳಿದರು. ಯಾಕೆ ಎಂದು ಮೇಡಂಗೆ ಗೊತ್ತು ಎಂದೆ. ಮೇಡಂ ನನ್ನ ಕಡೆ ನೋಡಲಿಲ್ಲ. ಇಂಥವರ ಕೈಗೆ ಭಾಷೆ ಕೊಟ್ಟರೆ ಹೀಗೇ ಆಗುವುದು ಎಂದು ಸರ್‌ಗೆ ಹೇಳಿದರು. ಇಂಥವರು ಎಂದರೆ ಎಂಥವರು ಎಂದು ನಾನು ಕೇಳಿದೆ. ಕೇಳದೆ ಗುರುತು ಹಾಕುವವರು ಎಂದರು.

ಹಾಗಾದರೆ ಅವರೂ ಒಮ್ಮೆ ಅಕ್ಷರ ನೋಡದೆ, ಬರೀ ಕೇಳಿ ಗುರುತು ಹಾಕಲಿ ಎಂದೆ. ನಾನೂ ಹಾಕುತ್ತೇನೆ, ಇಲ್ಲೇ, ನಿಮ್ಮ ಮುಂದೆಯೇ. ಸರ್ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಆದರೆ ಮೇಡಂ, ಹಾಕಿ, ನನಗೇನು ಭಯ ಎಂದು ತಮ್ಮ ಬಟ್ಟೆಯ ಚೀಲದಿಂದ ಹೆಡ್‌ಫೋನ್ ತೆಗೆದರು. ಸರ್ ಪರದೆಯ ಮೇಲಿನ ಅಕ್ಷರ ಮರೆಮಾಡಿ, ಇಪ್ಪತ್ತು ಪದಗಳನ್ನು ಹಿಂದುಮುಂದು ಮಾಡಿ ಎರಡು ಸಲ ಕೇಳಿಸಿದರು. ಮೇಡಂ ಮೊದಲ ಪದವನ್ನು ಕೇಳಿ, ಪೆನ್ನು ತೆಗೆದುಕೊಂಡು ಕಾಗದದಲ್ಲಿ ಬರೆಯಲು ಹೋದರು. ಬರೆಯಬಾರದು ಎಂದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಒಂದೊಂದು ಪದಕ್ಕೂ ಬಹಳ ಹೊತ್ತು ತೆಗೆದುಕೊಂಡರು. ಕಣ್ಣು ಮುಚ್ಚಿದರು, ಬೆರಳಿನಿಂದ ಮೇಜಿನ ಮೇಲೆ ಏನೋ ಎಣಿಸಿದರು. ಎರಡನೆಯ ಸಲದ ಗುರುತುಗಳು ಮೊದಲನೆಯವಕ್ಕೆ ಅರ್ಧದಷ್ಟೂ ಹೊಂದಲಿಲ್ಲ. ನನ್ನವು ಹೆಚ್ಚು ಹೊಂದಿದವು. ಎಲ್ಲವೂ ಅಲ್ಲ, ನಾನೂ ನಾಲ್ಕೈದು ಕಡೆ ತಪ್ಪಿದೆ.

“ಬರಹ ಇಲ್ಲದೆ ಕನ್ನಡ ಕೇಳೋದು ಹೇಗ್ರೀ?” ಎಂದರು ಮೇಡಂ.

ಸೋತವರ ದನಿಯಲ್ಲ ಅದು. ನಿಜವಾಗಿ ಕೇಳಿದ ಪ್ರಶ್ನೆ. ಅವರಿಗೆ ಪದ ಎಂದರೆ ಮೊದಲು ಕಣ್ಣಿಗೆ ಕಾಣುವಂಥದ್ದು, ಆಮೇಲೆ ಬೇಕಾದರೆ ಯಾರೋ ಅದನ್ನು ಹೇಳುತ್ತಾರೆ, ಸರಿಯಾಗಿಯೋ ತಪ್ಪಾಗಿಯೋ. ನಮ್ಮವ್ವನಿಗೆ ಓದಲು ಬರುವುದಿಲ್ಲ, ಅವಳು ಅರವತ್ತು ವರ್ಷದಿಂದ ಬರಹ ಇಲ್ಲದೆಯೇ ಕನ್ನಡ ಕೇಳುತ್ತಿದ್ದಾಳೆ ಎಂದು ನಾನು ಹೇಳಿದೆ. ಜೋರಾಗಿ ಹೇಳಿದೆ. ಅವರು ಹೆಡ್‌ಫೋನ್ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು.

ಇಪ್ಪತ್ತು ಪದದಿಂದ ಏನೂ ಹೇಳಲಾಗುವುದಿಲ್ಲ ಎಂದು ಸರ್ ತೀರ್ಮಾನಿಸಿದರು. ಆ ಮಾತು ಸರಿಯೇ. ಆದರೆ ನನ್ನ ಹತ್ತು ದಿನದಿಂದ ಮಾತ್ರ ಅವರಿಗೆ ಎಲ್ಲವನ್ನೂ ಹೇಳಲು ಆಯಿತು. ವಾರದೊಳಗೆ ನನ್ನ ಅಷ್ಟೂ ತಿಂಗಳ ಗುರುತುಗಳನ್ನು ತೆಗೆದುಹಾಕಿದರು. ಕೇಳುಗರೇ ಒಪ್ಪಿಕೊಂಡ ಮೇಲೆ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ಎಂದರು. ಹತ್ತು ದಿನದ್ದು ಮಾತ್ರ ತೆಗೆಯಿರಿ, ದಿನಾಂಕ ಕೊಡುತ್ತೇನೆ ಎಂದು ಬೇಡಿಕೊಂಡೆ. ಆಗಲಿಲ್ಲ. ಮೇಡಂ ಗುರುತುಗಳು ಉಳಿದವು. ಹೊರದೇಶಕ್ಕೆ ಕಳಿಸಿದ, ಎಲ್ಲ ಭಾಷೆಗಳ ಕೋಷ್ಟಕದಲ್ಲಿ ಕನ್ನಡದ ಮುಂದೆ ಅವರ ಗುರು–ಲಘು ನಿಯಮವೇ ಹೋಯಿತು, ಕಂಪ್ಯೂಟರು ಜನರ ಮಾತಿನಿಂದ ಕಲಿತದ್ದು ಎಂದು. ನನಗೆ ತಿಂಗಳ ಕೊನೆಯಿಂದ ಬರುವುದು ಬೇಡ ಎಂದರು.

ಕೊನೆಯ ದಿನ ಗೇಟಿನ ಹತ್ತಿರ ಮೇಡಂ ಆಟೋಕ್ಕೆ ಕಾಯುತ್ತ ನಿಂತಿದ್ದರು. ನಾನು ದಾಟಿಹೋಗಬೇಕೆಂದಿದ್ದೆ. ಅವರೇ ಮಾತೆತ್ತಿದರು.

“ನಿಮ್ಮ ತಾಯೋರ ಮಾತು ತೆಗೆದಿದ್ದಕ್ಕೆ ನನ್ನ ಮೇಲೆ ಸಿಟ್ಟು. ಸರಿ, ನನ್ನನ್ನ ಬೈಬೇಕಿತ್ತು. ಕೆಲಸಕ್ಕೆ ಯಾಕೆ ಮೋಸ ಮಾಡಿದ್ರಿ?”

ಹಾಗಾದರೆ ಗೊತ್ತಿತ್ತು.

“ನೀವು ಮಾಡಿದ್ದು ಏನು?” ಎಂದೆ.

“ನಾನು ನನಗೆ ಸರಿ ಅನ್ಸಿದ್ದನ್ನ ಹಾಕಿದೆ” ಎಂದರು. “ತಪ್ಪು ಅಂತ ಗೊತ್ತಿದ್ದೂ ಹಾಕಿದ್ದು ನೀವು.”

ಆಟೋ ಬಂತು, ಹತ್ತಿ ಹೋದರು. ಅಷ್ಟು ತಿಂಗಳಲ್ಲಿ ಅವರು ಆಡಿದ ಮಾತುಗಳಲ್ಲಿ ನನಗೆ ಉತ್ತರ ಸಿಗದ ಮಾತು ಅದೊಂದೇ. ಆ ಕಾರಣಕ್ಕೇ ಅವರನ್ನು ಇನ್ನೂ ಹೆಚ್ಚು ದ್ವೇಷಿಸಿದೆ.

ಅವ್ವನಿಗೆ ಹೇಳಬೇಕಾಯಿತು. ಅವಳು ಬೀದಿಯಲ್ಲೆಲ್ಲ, ನನ್ನ ಮಾತು ಮಿಷನ್ನಿಗೆ ಕಲಿಸುತ್ತಾರಂತೆ ಎಂದು ಹೇಳಿಕೊಂಡಿದ್ದಳು. ತೆಗೆದುಹಾಕಿದರು ಎಂದೆ. ಯಾಕೆ ಎಂದಳು. ಮೇಡಂ ಬರೆದ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ದನಿ ಸರಿಯಾಗಿ ಬಂದಿರಲಿಲ್ಲವಂತೆ, ಮೆಷಿನ್ ಕೆಟ್ಟಿತ್ತಂತೆ ಎಂದು ಸುಳ್ಳು ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತ, “ಓಗ್ಲಿ ಬುಡು, ಇನ್ನೊಂದಪ ಏಳಾನೆ” ಎಂದಳು. ಹೋಗಲಿ, ಇನ್ನೊಂದು ಸಲ ಹೇಳೋಣ. ಅವಳಿಗೆ ನಿಜ ಹೇಳದೆ ಇದ್ದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಎಂಟು ತಿಂಗಳು ಹೊರರಾಜ್ಯದಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸಿಕೊಂಡಿದ್ದೆ. ಪುಸ್ತಕ ಮುಚ್ಚಿಸಿ ಕಲಿಸುತ್ತಿದ್ದೆ. ಒಂದು ದಿನ ಪಾಠದ ಮಧ್ಯೆ ಸರ್ ಫೋನ್ ಬಂತು. ಎತ್ತಲಿಲ್ಲ. ಮೂರು ಸಲ ಮಾಡಿದ ಮೇಲೆ ಎತ್ತಿದೆ. ಯೋಜನೆಯ ಎರಡನೆಯ ಭಾಗ ಶುರುವಾಗಿದೆ ಎಂದರು. ಕನ್ನಡದ ಫಲಿತಾಂಶ ಬರಹದಿಂದಲೇ ಪೂರ್ತಿ ಊಹಿಸುವ ಹಾಗಿದೆ, ದನಿಯೇ ಬೇಕಾಗಿಲ್ಲ, ಇದು ಹೇಗೆ ಎಂದು ಹೊರದೇಶದವರು ಕೇಳಿದ್ದರಂತೆ. ಈ ಸಲ ಅಕ್ಷರ ತೋರಿಸದೆ ಕೇಳಿಸಬೇಕಂತೆ. “ನಿಮ್ಮ ಸಲಹೆಯೇ ಅಲ್ವೇ” ಎಂದು ನಕ್ಕರು. ನಾನು ನಗಲಿಲ್ಲ. ಹಳೆಯ ಕೋಷ್ಟಕ ವಾಪಸ್ಸು ತೆಗೆದುಕೊಳ್ಳುತ್ತೀರಾ ಎಂದೆ. ಅದು ಹೋಗಿಯಾಗಿದೆ ಎಂದರು. ಹಾಗಾದರೆ ನಾನು ಬರುವುದಿಲ್ಲ ಎಂದು ಹೇಳಿ, ಇಡುವ ಮೊದಲು, ಇನ್ನೊಬ್ಬರು ಯಾರು ಎಂದು ಕೇಳಿದೆ. ಮೇಡಂ ಎಂದರು. ಅವರು ಬರಲು ಒಪ್ಪಿದ್ದಾರೆ, ಆದರೆ ಎರಡನೆಯ ಕೇಳುಗರಾಗಿ ನಾನೇ ಇರಬೇಕು ಎಂದಿದ್ದಾರೆ, ಬೇರೆ ಯಾರಾದರೂ ಆದರೆ ಅವರು ಬರುವುದಿಲ್ಲವಂತೆ.

ಅದನ್ನು ಕೇಳಿ ಮೂರು ದಿನ ಕುದಿದೆ. ನನ್ನನ್ನು ಸೋಲಿಸಿ ತೋರಿಸುವ ಹಟ ಎಂದುಕೊಂಡೆ. ಇರಬಹುದು. ಬೇರೇನೋ ಇರಲೂಬಹುದು, ಅದನ್ನು ತಿಳಿದುಕೊಳ್ಳುವ ಆಸೆ ನನಗಿರಲಿಲ್ಲ. ನಾಲ್ಕನೆಯ ದಿನ ಸರ್‌ಗೆ ಫೋನ್ ಮಾಡಿ, ‘ಹ’ ಬಿಟ್ಟವರು ಎಂದು ಯಾರ ದನಿಯನ್ನೂ ಕೈಬಿಡಬಾರದು, ಬೇರೆಯಾದ ಪದಗಳನ್ನು ಯಾರೂ ತೀರ್ಮಾನಿಸದೆ ಬೇರೆಯಾಗಿವೆ ಎಂದೇ ಬರೆಯಬೇಕು, ಇದನ್ನು ಕಾಗದದ ಮೇಲೆ ಕೊಡಿ ಎಂದೆ. ಬಹಳ ಹೊತ್ತು ಮಾತಾಡಿ ಕೊನೆಗೆ ಕೊಟ್ಟರು.

ಹೋದ ದಿನ ಮೇಡಂ ಆಗಲೇ ಬಂದು ವರಾಂಡದಲ್ಲಿ ಕೂತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಇಲ್ಲ.

“ಈ ಸಲ ಕೇಳಿ ಗುರುತು ಹಾಕ್ತೀರಾ?” ಎಂದರು.

“ನೀವು?” ಎಂದೆ.

ಅವರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ನನ್ನದಕ್ಕೆ ಹೋದೆ. ಪರದೆಯ ಮೇಲೆ ಅಕ್ಷರವಿರಲಿಲ್ಲ, ಅಲೆ ಮಾತ್ರ. ಗುಂಡಿ ಒತ್ತಿದೆ. ಯಾರೋ ಗಂಡಸು ಬೀದಿಯ ಗಲಾಟೆಯ ಮಧ್ಯೆ ಯಾರನ್ನೋ ಬೈಯುತ್ತಿದ್ದ.